ಗುರುವಾಗುವ ಮುನ್ನ: ಪ್ರಶಿಕ್ಷಣಾರ್ಥಿಗಳ ಸಂಘಗಳ ಪೂರ್ವವೃತ್ತಾಂತ

ಅಬುಧಾಬಿ ನಗರದಿಂದ ಪಶ್ಚಿಮಕ್ಕೆ ಹೊರಟು, ತರೀಫಿನ ಬಳಿ ಕಡಲತೀರವನ್ನು ತೊರೆದು ಮರಳಿನ ಒಳನಾಡನ್ನು ಹೊಕ್ಕು, ಲಿವಾದ ಖರ್ಜೂರವನಗಳತ್ತ ಸಾಗುವ ಹೆದ್ದಾರಿಯ ನಡುವೆ ನೆಲೆಸಿರುವ ಮದೀನತ್ ಜಾಯೆದ್ ಪಟ್ಟಣವು, ಹಿಂದೆ ಬಿದಾ ಜಾಯೆದ್ ಎಂಬ ಹೆಸರಿನಿಂದ ಪರಿಚಿತವಾಗಿದ್ದು, ಇಂದು ಅಲ್ ದಫ್ರಾ ಪ್ರಾಂತದ ಆಡಳಿತಕೇಂದ್ರವಾಗಿದೆ. ಹಬ್ಷಾನ್, ಅಸಬ್ ಮೊದಲಾದ ತೈಲಕ್ಷೇತ್ರಗಳ ಮತ್ತು ರುವೈಸಿನ ಸಂಸ್ಕರಣಾಗಾರದ ಕೆಲಸಗಳನ್ನು ಅರಸಿ ಈ ಸೀಮೆಗೆ ಬಂದ ಕನ್ನಡಿಗರೊಡನೆ ಬಂದ ಗೃಹಿಣಿಯರಲ್ಲಿ, ಊರಿನಲ್ಲಿ ಟಿ.ಸಿ.ಎಚ್., ಡಿ.ಎಡ್. ಅಥವಾ ಬಿ.ಎಡ್. ಮುಗಿಸಿ, ರಾಜ್ಯ ಸರಕಾರ, ವಿದೇಶಾಂಗ ಮಂತ್ರಾಲಯ, ರಾಯಭಾರ ಕಚೇರಿ ಎಂದು ಮೂರು ನಾಲ್ಕು ಕಡೆಯ ದೃಢೀಕರಣದ ಮೊಹರುಗಳನ್ನು ಬೆನ್ನಮೇಲೆ ಹೊತ್ತ ಪ್ರಮಾಣಪತ್ರಗಳೊಂದಿಗೆ ವಿಮಾನವೇರಿದವರು ಕೆಲವರುಂಟು. ಅಂತಹವರು ಒಂದೆಡೆ ಸೇರಿದಾಗ ಮಾತು ಶಿಕ್ಷಣ ಮನೋವಿಜ್ಞಾನದ ಪ್ರಶ್ನೆಪತ್ರಿಕೆಯ ಕಡೆಗೆ ಹೊರಳುವುದು ತೀರ ಅಪರೂಪ. ಅದು ಹೊರಳುವುದು ತಮ್ಮ ಸಂಸ್ಥೆಯ ಪ್ರಶಿಕ್ಷಣಾರ್ಥಿಗಳ ಸಂಘದ ಕಡೆಗೆ, ಅಲ್ಲಿ ತಾವು ವಹಿಸಿಕೊಂಡ ಹೊಣೆಯ ಕಡೆಗೆ, ಸಹಪಾಠಿಗಳ ಮುಂದೆ ಮಾಡಿದ ಮೊದಲ ಪಾಠದ ಕಡೆಗೆ. ಉಪಾಧ್ಯಾಯನೊಬ್ಬನನ್ನು ರೂಪಿಸುವುದರಲ್ಲಿ ಪಠ್ಯಕ್ರಮಕ್ಕೆ ಎಷ್ಟು ಪಾಲುಂಟೋ ಈ ಸಂಘಗಳಿಗೂ ಅಷ್ಟೇ ಪಾಲುಂಟೆಂದೂ, ತನ್ನ ಪಾಠದ ದೋಷಗಳನ್ನು ಸಮಾನರ ಬಾಯಿಂದ ಕೇಳಿಸಿಕೊಳ್ಳುವುದಕ್ಕೆ ಒಪ್ಪುವುದೇ ಅಂತಹ ಸಂಘವನ್ನು ಸೇರುವುದರ ತಿರುಳೆಂದೂ ನಾನು ಬಹುಕಾಲದಿಂದ ನಂಬಿದವನಾದುದರಿಂದ, ಈ ಸ್ಮರಣ ಸಂಚಿಕೆಗಾಗಿ ಅವುಗಳ ಪೂರ್ವವೃತ್ತಾಂತವನ್ನು ತಿಳಿದಮಟ್ಟಿಗೆ ಬರೆದಿಡುವುದು ಉಚಿತವೆಂದು ತೋರಿತು.

ಮೊದಲು ನಾವು ನಿಂತಿರುವ ನೆಲದ ಮಾತು. ಈ ನಾಡಿನಲ್ಲಿ ಆಧುನಿಕ ರೀತಿಯ ಶಾಲೆಯು ಶಾರ್ಜಾದ ಅಲ್ ಖಾಸಿಮಿಯಾ ಶಾಲೆಯೊಡನೆ 1953ರಲ್ಲಿ ಕಾಲಿರಿಸಿದಾಗ ಕಲಿಸುವವರು ಕುವೈತಿನ ಆಶ್ರಯದಲ್ಲಿ ಹೊರಗಿನಿಂದ ಬರಬೇಕಾಯಿತು. ಮುಂದೆ ಈಜಿಪ್ಟ್, ಜೋರ್ಡಾನ್, ಪ್ಯಾಲೆಸ್ಟೈನ್‌ಗಳ ಅಧ್ಯಾಪಕರೇ ಬಹುಕಾಲ ಇಲ್ಲಿನ ಶಾಲೆಗಳನ್ನು ನಡೆಸಿದರು. 1971ರಲ್ಲಿ ಒಕ್ಕೂಟವು ಸ್ಥಾಪಿತವಾಗಿ, 1976ರಲ್ಲಿ ಅಲ್ ಐನ್‌ನಲ್ಲಿ ಮೊದಲ ವಿಶ್ವವಿದ್ಯಾನಿಲಯವು ತಲೆಯೆತ್ತಿದಾಗ ಅದರ ಆರಂಭದ ನಾಲ್ಕು ವಿಭಾಗಗಳಲ್ಲಿ ಶಿಕ್ಷಣವೂ ಒಂದಾಗಿದ್ದಿತೆಂಬುದು, ತನ್ನ ಮಕ್ಕಳಿಗೆ ತನ್ನವರೇ ಕಲಿಸಬೇಕೆಂಬ ಹಂಬಲವು ಹೊಸ ರಾಷ್ಟ್ರವೊಂದಕ್ಕೆ ಎಷ್ಟು ಬೇಗ ಹುಟ್ಟುತ್ತದೆಂಬುದಕ್ಕೆ ಸಾಕ್ಷಿ. 1988ರಲ್ಲಿ ಸ್ಥಾಪಿತವಾದ ಉನ್ನತ ತಾಂತ್ರಿಕ ಕಾಲೇಜುಗಳ ವ್ಯವಸ್ಥೆಯು ಮುಂದೆ ಮದೀನತ್ ಜಾಯೆದ್‌ಗೂ ರುವೈಸಿಗೂ ತನ್ನ ಶಾಖೆಗಳನ್ನು ಚಾಚಿತು. ಶಿಕ್ಷಣಶಾಸ್ತ್ರದ ಪದವಿಯೂ ಆ ವ್ಯವಸ್ಥೆಯಲ್ಲಿ ಸೇರಿದ್ದಿತು. 2007ರಲ್ಲಿ ಅಬುಧಾಬಿಯಲ್ಲಿ ಶಿಕ್ಷಕರ ಶಿಕ್ಷಣಕ್ಕೆಂದೇ ಒಂದು ಕಾಲೇಜು ಆರಂಭವಾಯಿತು. ಈ ಸಂಸ್ಥೆಗಳ ಒಳಗಿನ ಸಂಘಜೀವನವನ್ನು ಕುರಿತು ಬರೆಯುವುದು ಅಲ್ಲಿ ಕಲಿತವರ ಹಕ್ಕು. ನಾನು ಅದಕ್ಕೆ ಕೈಹಾಕುವುದಿಲ್ಲ.

ಶಿಕ್ಷಕರಾಗಲಿರುವವರು ತಮ್ಮದೇ ಒಂದು ಸಂಘವನ್ನು ಕಟ್ಟಿಕೊಳ್ಳುವ ಪದ್ಧತಿಯು ದೊಡ್ಡ ಪ್ರಮಾಣದಲ್ಲಿ ಬೆಳೆದದ್ದು ಅಮೆರಿಕದಲ್ಲಿ. 1911ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿದ ಕಪ್ಪಾ ಡೆಲ್ಟಾ ಪೈ ಎಂಬುದು ಶಿಕ್ಷಣಶಾಸ್ತ್ರದ ಪ್ರತಿಭಾವಂತ ವಿದ್ಯಾರ್ಥಿಗಳನ್ನು ಆರಿಸಿ ಸೇರಿಸಿಕೊಳ್ಳುವ ಗೌರವಕೂಟವಾದರೆ, ಹೊರೇಸ್ ಮ್ಯಾನ್ ಎಂಬ ಮಹನೀಯನು ಮ್ಯಾಸಚೂಸೆಟ್ಸ್ ಸಂಸ್ಥಾನದ ಶಿಕ್ಷಣಮಂಡಲಿಯ ಕಾರ್ಯದರ್ಶಿತ್ವವನ್ನು ವಹಿಸಿಕೊಂಡು ನೂರು ವರ್ಷಗಳು ತುಂಬಿದ ನೆನಪಿಗಾಗಿ 1937ರಲ್ಲಿ ಅಲ್ಲಿನ ರಾಷ್ಟ್ರೀಯ ಶಿಕ್ಷಣ ಸಂಘವು ಆರಂಭಿಸಿದ 'ಭವಿಷ್ಯದ ಶಿಕ್ಷಕರು' ಎಂಬ ಕೂಟವು ಪ್ರೌಢಶಾಲೆಯ ಹುಡುಗ ಹುಡುಗಿಯರನ್ನೂ ಕರೆದು ಕೂರಿಸಿಕೊಂಡಿತು. ಇವೆರಡೂ ಹುಟ್ಟಿದ್ದು ವೃತ್ತಿಯ ಗೌರವವನ್ನು ಹೆಚ್ಚಿಸುವುದಕ್ಕಾಗಿ. ನಮ್ಮಲ್ಲಿ ಸಂಗತಿ ಬೇರೆ. ಕನ್ನಡನಾಡಿನ ಉತ್ತರಭಾಗದಲ್ಲಿ ಉಪಾಧ್ಯಾಯನಾಗಲು ಹೊರಟವನು ಸೇರಬೇಕಾದ ಮೊದಲ ಸಂಘವು ವೃತ್ತಿಯದಾಗಿರಲಿಲ್ಲ, ಭಾಷೆಯದಾಗಿದ್ದಿತು.

1818ರಲ್ಲಿ ಪೇಶ್ವೆಗಳ ಆಳಿಕೆ ಮುಗಿದು ಧಾರವಾಡದ ಸೀಮೆಯು ಮುಂಬಯಿ ಆಧಿಪತ್ಯಕ್ಕೆ ಸೇರಿದ ತರುವಾಯವೂ ಕಚೇರಿಯ ಕಾಗದಪತ್ರಗಳಲ್ಲಿಯೂ ಸರಕಾರೀ ಶಾಲೆಗಳಲ್ಲಿಯೂ ಮರಾಠಿಯೇ ಮೆರೆಯುತ್ತಿದ್ದು, ಮನೆಯಲ್ಲಿ ಕನ್ನಡವನ್ನಾಡುವ ಹುಡುಗನು ಶಾಲೆಯಲ್ಲಿ ಪರಭಾಷೆಯಲ್ಲಿ ಮಗ್ಗಿಯನ್ನು ಒಪ್ಪಿಸುತ್ತಿದ್ದನು. ಐಗಳ ಮಠಗಳೆಂದೂ ಗಾವಟಿ ಶಾಲೆಗಳೆಂದೂ ಹೆಸರಾದ ಊರೊಟ್ಟಿನ ಪಾಠಶಾಲೆಗಳಲ್ಲಿ ಕನ್ನಡವು ಉಳಿದಿದ್ದಿತಾದರೂ ಅಲ್ಲಿ ಕಲಿಸುವ ಐಗಳಿಗೆ ತರಬೇತಿಯೆಂಬುದೊಂದು ಇದೆಯೆಂದೇ ತಿಳಿದಿರಲಿಲ್ಲ. 1854ರ ವುಡ್ ಮಹಾಶಯನ ಶಿಕ್ಷಣಪತ್ರವು ಉಪಾಧ್ಯಾಯರ ತರಬೇತಿಗಾಗಿ ನಾರ್ಮಲ್ ಶಾಲೆಗಳನ್ನು ತೆರೆಯಬೇಕೆಂದು ಸೂಚಿಸಿದ ಮೇಲೆ ಮುಂಬಯಿ ಕರ್ನಾಟಕದಲ್ಲಿ ಅಂತಹ ಶಾಲೆಯು ಬಂದಿತು. ಅದರ ಮುಖ್ಯಸ್ಥರಾಗಿ ಬಂದವರು, ಮುಂದೆ ಡೆಪ್ಯುಟಿ ಚನ್ನಬಸಪ್ಪನವರೆಂದು ನಾಡಿಗೆಲ್ಲ ಪರಿಚಿತರಾದ ಮಹಾನುಭಾವರು. ಶಿಕ್ಷಣ ಇಲಾಖೆಯ ರಸಲ್ ಸಾಹೇಬರ ಬೆಂಬಲವನ್ನು ಸಂಪಾದಿಸಿ, ಊರೂರು ತಿರುಗಿ, ಕನ್ನಡ ಶಾಲೆಗಳನ್ನು ತೆರೆಯುವಂತೆ ಹಿರಿಯರನ್ನು ಒಪ್ಪಿಸಿ, ತೆರೆದ ಶಾಲೆಗಳಿಗೆ ಬೇಕಾದ ಮಾಸ್ತರರನ್ನು ತಮ್ಮ ನಾರ್ಮಲ್ ಶಾಲೆಯಲ್ಲಿ ತಯಾರುಮಾಡಿದ ಅವರು, ಷೇಕ್ಸ್‌ಪಿಯರನ ಪ್ರಹಸನವೊಂದನ್ನು 'ನಗದವರನ್ನು ನಗಿಸುವ ಕಥೆ' ಎಂಬ ಹೆಸರಿನಿಂದ ಕನ್ನಡಕ್ಕೆ ತಂದದ್ದೂ ಅದೇ ದುಡಿಮೆಯ ಒಂದು ಭಾಗವೇ. 1881ರಲ್ಲಿ ಅವರು ತೀರಿಕೊಂಡಾಗ ಕನ್ನಡ ಶಾಲೆಯೆಂಬುದು ಆ ಸೀಮೆಯಲ್ಲಿ ನಾಚಿಕೆಯ ವಸ್ತುವಾಗಿ ಉಳಿದಿರಲಿಲ್ಲ.

ಆ ತಲೆಮಾರಿನ ತರಬೇತಿಶಾಲೆಯನ್ನು ಇಂದಿನ ಕಾಲೇಜಿನ ಕಣ್ಣಿನಿಂದ ನೋಡುವವನಿಗೆ ಅಲ್ಲಿ ವಿದ್ಯಾರ್ಥಿಸಂಘವೆಲ್ಲಿತ್ತು ಎಂಬ ಸಂದೇಹ ಹುಟ್ಟಬಹುದು. ಚುನಾವಣೆ, ಪದಾಧಿಕಾರಿಗಳು, ಉದ್ಘಾಟನೆಯ ಹಾರ ಇವು ಯಾವುವೂ ಇರಲಿಲ್ಲವೆಂಬುದು ನಿಜವೇ. ಆದರೆ ಮುಲ್ಕಿ ಪರೀಕ್ಷೆಯನ್ನು ಮುಗಿಸಿ ಹಳ್ಳಿಯಿಂದ ಬಂದ ತರುಣನು ಅಲ್ಲಿ ಸೇರಿದೊಡನೆ ಒಂದು ಕಾರ್ಯದಲ್ಲಿ ಭಾಗಿಯಾಗುತ್ತಿದ್ದನು. ಪಠ್ಯಪುಸ್ತಕಗಳು ಇನ್ನೂ ಬರೆಯಲ್ಪಡುತ್ತಿದ್ದ ಕಾಲವದು. ಪದಗಳು ಇನ್ನೂ ಟಂಕಿಸಲ್ಪಡುತ್ತಿದ್ದುವು. ಬಾಣನ ಕಾದಂಬರಿಯನ್ನು ಕನ್ನಡಿಸಿದ ಗಂಗಾಧರ ಮಡಿವಾಳೇಶ್ವರ ತುರಮರಿಯವರು, ಇಲಾಖೆಯ ಪುಸ್ತಕಗಳಿಗಾಗಿ ಲೇಖನಿಯನ್ನು ಸವೆಸಿದ ವೆಂಕಟ ರಂಗೋ ಕಟ್ಟಿಯವರು, ಶಾಕುಂತಲವನ್ನು 1869ರಲ್ಲಿ ಕನ್ನಡದ ರಂಗಭೂಮಿಗೆ ಒದಗಿಸಿದ ಚುರಮರಿ ಶೇಷಗಿರಿರಾಯರು, ಶಾಲೆಯ ಮಾಸ್ತರಿಕೆಯೊಡನೆಯೇ ನಾಟಕಮಂಡಳಿಯನ್ನೂ ಕಟ್ಟಿದ ಶಾಂತಕವಿ ಸಕ್ಕರಿ ಬಾಳಾಚಾರ್ಯರು, ಇವರೆಲ್ಲರೂ ಶಿಕ್ಷಕವೃತ್ತಿಯ ಅಂಗಳದಲ್ಲಿಯೇ ಓಡಾಡಿದವರೆಂಬುದನ್ನು ನೆನೆದರೆ, ಹೊಸಗನ್ನಡ ಸಾಹಿತ್ಯದ ಒಂದು ಬೇರು ತರಬೇತಿಶಾಲೆಯ ಕೊಠಡಿಯಲ್ಲಿದೆಯೆಂದು ಹೇಳುವುದಕ್ಕೆ ಸಂಕೋಚಪಡಬೇಕಾಗಿಲ್ಲ. 1860ರ ದಶಕದಲ್ಲಿ ಹೊರಟ 'ಮಠಪತ್ರಿಕೆ'ಯು ಉಪಾಧ್ಯಾಯರಿಗೆಂದೇ ಹುಟ್ಟಿದ ಪತ್ರಿಕೆ. ಅದರ ಪರಂಪರೆಯೇ ಹೆಸರು ಬದಲಾಯಿಸುತ್ತ ಇಂದು 'ಜೀವನ ಶಿಕ್ಷಣ'ವಾಗಿ ಧಾರವಾಡದಲ್ಲಿ ಮುಂದುವರಿದಿದೆ. ಶಿಕ್ಷಕರ ಪತ್ರಿಕೆಯೊಂದು ಇಷ್ಟು ದೀರ್ಘಕಾಲ ಬಾಳಿದ ಉದಾಹರಣೆ ನಮ್ಮ ದೇಶದಲ್ಲಿ ಹೆಚ್ಚಾಗಿ ಇರಲಾರದು.

ಹೀಗೆ ಚದುರಿದ್ದ ಉತ್ಸಾಹಕ್ಕೆ ಒಂದು ಮನೆಯಾದುದು 1890ರ ಜುಲೈ 20ರಂದು ರಾ. ಹ. ದೇಶಪಾಂಡೆಯವರು ಸ್ಥಾಪಿಸಿದ ಕರ್ನಾಟಕ ವಿದ್ಯಾವರ್ಧಕ ಸಂಘ. 'ಸಿರಿಗನ್ನಡಂ ಗೆಲ್ಗೆ' ಎಂಬ ಘೋಷವನ್ನು ನಾಡಿಗಿತ್ತ ಈ ಪುರುಷನು ಕಟ್ಟಿದ ಸಂಘವು ಗ್ರಂಥಕರ್ತರಿಗೆ ಬಹುಮಾನವಿತ್ತು, ಪುಸ್ತಕಗಳನ್ನು ಅಚ್ಚುಹಾಕಿಸಿ, 1896ರಿಂದ 'ವಾಗ್ಭೂಷಣ'ವನ್ನು ಹೊರಡಿಸಿತು. ಅದು ಪ್ರಶಿಕ್ಷಣಾರ್ಥಿಗಳ ಸಂಘವಲ್ಲ. ಹಾಗೆಂದು ಯಾರೂ ಹೇಳಲಾರರು. ಆದರೂ ಧಾರವಾಡದ ತರಬೇತಿ ಕಾಲೇಜಿಗೂ ಈ ಸಂಘಕ್ಕೂ ನಡುವಣ ದಾರಿಯು ಬಲು ಹತ್ತಿರದ್ದು, ಮತ್ತು ಆ ದಾರಿಯಲ್ಲಿ ನಡೆದ ಮಾಸ್ತರರು ತಮ್ಮ ಹಳ್ಳಿಗಳಿಗೆ ಮರಳುವಾಗ ಪಾಠಕ್ರಮದೊಡನೆ ಇನ್ನೊಂದನ್ನೂ ಒಯ್ದರು: ಸಭೆ ಸೇರಿಸುವ, ವರದಿ ಬರೆಯುವ, ವಂತಿಗೆ ಕೂಡಿಸುವ, ಮತಭೇದವನ್ನು ಮಾತಿನಲ್ಲಿ ತೀರಿಸಿಕೊಳ್ಳುವ ಅಭ್ಯಾಸವನ್ನು. ಬ್ರಿಟಿಷರ ಕಾಲದ ಹಳ್ಳಿಗಳಲ್ಲಿ ವಾಚನಾಲಯವನ್ನೋ ಭಜನಾಮಂಡಳಿಯನ್ನೋ ನಾಟಕದ ಕಂಪನಿಯನ್ನೋ ಯಾರು ಆರಂಭಿಸಿದರೆಂದು ಕೇಳಿದರೆ ಬಹಳ ಕಡೆ ದೊರೆಯುವ ಉತ್ತರ ಊರ ಮಾಸ್ತರನ ಹೆಸರೇ.

ಮೈಸೂರು ಸಂಸ್ಥಾನದಲ್ಲಿ ಭಾಷೆಯ ಈ ಸಂಕಟವಿರಲಿಲ್ಲವಾದುದರಿಂದ ಅಲ್ಲಿ ಸಂಘಜೀವನವು ಬೇರೆ ಬಗೆಯಾಗಿ ಬೆಳೆಯಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳು ಕಟ್ಟಿ ಬೆಳೆಸಿದ ಕರ್ಣಾಟಕ ಸಂಘವೂ, ಅದರಿಂದ 1919ರಲ್ಲಿ ಹೊರಟ 'ಪ್ರಬುದ್ಧ ಕರ್ಣಾಟಕ'ವೂ ಕಾಲೇಜಿನ ಕನ್ನಡ ಸಂಘಗಳಿಗೆಲ್ಲ ಮಾದರಿಯಾದುವು. ತರಬೇತಿ ಕಾಲೇಜುಗಳ ಸಂಘಗಳೂ ತಮ್ಮ ಆಕಾರವನ್ನು ಎರವಲು ಪಡೆದದ್ದು ಬಹುಮಟ್ಟಿಗೆ ಈ ಮಾದರಿಯಿಂದಲೇ ಎಂದು ನನ್ನ ಊಹೆ. ವೃತ್ತಿಗೆ ಸೇರಿದ ಮೇಲಿನ ಸಂಘಗಳು ಹೇಗಿದ್ದುವೆಂಬುದನ್ನು ಬಲ್ಲವರು ಎಂ. ಆರ್. ಶ್ರೀನಿವಾಸಮೂರ್ತಿಗಳ 'ರಂಗಣ್ಣನ ಕನಸಿನ ದಿನಗಳು' ಕಾದಂಬರಿಯನ್ನು ಮರೆಯಲಾರರು. ಸ್ವತಃ ವಿದ್ಯಾ ಇಲಾಖೆಯಲ್ಲಿ ದುಡಿದ ಆ ಲೇಖಕರು ಚಿತ್ರಿಸುವ ಉಪಾಧ್ಯಾಯರ ಸಂಘದ ಸಭೆಗಳಲ್ಲಿ ಭಾಷಣಗಳೊಡನೆ ಭೂರಿಭೋಜನವೂ ಇರುತ್ತದೆ. ನಕ್ಕು ಮುಗಿದ ಮೇಲೆ ಓದುಗನಿಗೆ ಉಳಿಯುವುದು, ಒಂಟಿ ಹಳ್ಳಿಯಲ್ಲಿ ಒಬ್ಬನೇ ದುಡಿಯುವ ಉಪಾಧ್ಯಾಯನಿಗೆ ತನ್ನಂತಹ ಇನ್ನೊಬ್ಬನೊಡನೆ ಕುಳಿತು ಉಣ್ಣುವುದೇ ಎಷ್ಟು ದೊಡ್ಡ ತರಬೇತಿ ಎಂಬ ತಿಳಿವಳಿಕೆ.

ಇನ್ನು ನಮ್ಮ ಕಾಲದ ಪ್ರಶಿಕ್ಷಣಾರ್ಥಿಗಳ ಸಂಘಕ್ಕೆ ಬರೋಣ. ಬೇರೆ ಸಂಘಗಳಿಗಿಲ್ಲದ ಒಂದು ವಿಚಿತ್ರ ಲಕ್ಷಣ ಇದಕ್ಕುಂಟು: ಒಂದೆರಡು ವರ್ಷಗಳಲ್ಲಿ ಇದರ ಸದಸ್ಯರೆಲ್ಲರೂ ಬದಲಾಗಿಬಿಡುತ್ತಾರೆ. ಬಿ.ಎಡ್. ಪದವಿಯು ಒಂದೇ ವರ್ಷದ್ದಾಗಿದ್ದ ಕಾಲದಲ್ಲಿ, ಎಂದರೆ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಗಳು ಅದನ್ನು ಎರಡು ವರ್ಷಗಳಿಗೆ ವಿಸ್ತರಿಸುವ ತನಕ, ಸಂಘವನ್ನು ಕಟ್ಟಿದವರು ಯಾರೋ ಅದನ್ನು ವಿಸರ್ಜಿಸುವವರೂ ಅವರೇ ಆಗಿದ್ದರು. ಹಿರಿಯರಿಂದ ಕಿರಿಯರಿಗೆ ಹಸ್ತಾಂತರವೆಂಬುದೇ ಇರಲಿಲ್ಲ. ಎರಡು ವರ್ಷಗಳ ಟಿ.ಸಿ.ಎಚ್. ಶಿಕ್ಷಣದಲ್ಲಾದರೋ ಮೊದಲ ವರ್ಷದವರಿಗೆ ಎರಡನೆಯ ವರ್ಷದವರು ಬಿಳಿಯ ಡ್ರಾಯಿಂಗ್ ಹಾಳೆಯ ಮೇಲೆ ಕಲಿಕೋಪಕರಣಗಳನ್ನು ಮಾಡುವುದರಿಂದ ಹಿಡಿದು ಪ್ರಾಂಶುಪಾಲರ ಮುಂಗೋಪವನ್ನು ನಿಭಾಯಿಸುವವರೆಗೆ ಸಕಲವನ್ನೂ ಉಪದೇಶಿಸುತ್ತಿದ್ದರು. ಆ ಕಾರಣದಿಂದಲೇ ಸಂಘದ ಜೀವವು ಡಿಗ್ರಿಯವರ ಕಾಲೇಜಿಗಿಂತ ಟಿ.ಸಿ.ಎಚ್. ಸಂಸ್ಥೆಗಳಲ್ಲಿ ಹೆಚ್ಚು ಗಟ್ಟಿಯಾಗಿದ್ದಿತೆಂಬುದು ನನ್ನ ಅಭಿಪ್ರಾಯ, ಬಿ.ಎಡ್. ಮಾಡಿದ ಗೆಳೆಯರು ಇದನ್ನು ಒಪ್ಪುವುದಿಲ್ಲ.

ಶೈಕ್ಷಣಿಕ ವರ್ಷವು ಆರಂಭವಾಗಿ ಕೆಲವು ವಾರಗಳಲ್ಲಿ ಸಂಘದ ರಚನೆಯಾಗುತ್ತದೆ. ಕೆಲವು ಸಂಸ್ಥೆಗಳಲ್ಲಿ ಚೀಟಿ ಹಾಕಿ ಆರಿಸುತ್ತಾರೆ, ಕೆಲವೆಡೆ ಉಪನ್ಯಾಸಕರೇ ಹೆಸರು ಸೂಚಿಸುತ್ತಾರೆ. ಸಾಂಸ್ಕೃತಿಕ, ಕ್ರೀಡೆ, ಸಾಹಿತ್ಯ, ಪ್ರವಾಸ, ಸ್ವಚ್ಛತೆ, ಆಹಾರ ಎಂದು ಖಾತೆಗಳನ್ನು ಹಂಚಿ, ಅವುಗಳನ್ನು ವಹಿಸಿಕೊಂಡವರನ್ನು ಮಂತ್ರಿಗಳೆಂದು ಕರೆಯುವ ವಾಡಿಕೆಯೂ ಉಂಟು. ಅಂದಂದಿನ ಬೆಳಗಿನ ಪ್ರಾರ್ಥನಾಸಭೆಯನ್ನು ತಂಡಗಳು ಸರದಿಯ ಮೇಲೆ ನಡೆಸಬೇಕು: ಪ್ರಾರ್ಥನೆ, ಪಂಚಾಂಗ, ವಾರ್ತೆ, ಸುಭಾಷಿತ, ರಸಪ್ರಶ್ನೆ, ಎರಡು ನಿಮಿಷಗಳ ಚಿಂತನ. ಈ ಎರಡು ನಿಮಿಷಗಳನ್ನು ಹಗುರವಾಗಿ ಕಾಣಬಾರದು. ನಾಲ್ಕು ಜನರೆದುರು ಬಾಯ್ತೆರೆದೇ ಅರಿಯದ ಹಳ್ಳಿಯ ಹೆಣ್ಣುಮಗಳೊಬ್ಬಳು ಕಾಲು ನಡುಗುತ್ತಲೇ ನಿಂತು ತನ್ನ ಧ್ವನಿ ಕೊನೆಯ ಸಾಲಿಗೆ ಮುಟ್ಟುತ್ತದೆಂಬುದನ್ನು ಮೊದಲ ಬಾರಿಗೆ ಅರಿಯುವುದು ಅಲ್ಲಿಯೇ. ಭಿತ್ತಿಪತ್ರಿಕೆ, ಕೈಬರಹದ ಪತ್ರಿಕೆ, ಸೆಪ್ಟೆಂಬರ್ 5ರ ಶಿಕ್ಷಕರ ದಿನಾಚರಣೆ, ನವೆಂಬರಿನ ರಾಜ್ಯೋತ್ಸವ, ಶೈಕ್ಷಣಿಕ ಪ್ರವಾಸ, ಹಳ್ಳಿಯೊಂದರಲ್ಲಿ ಬೀಡುಬಿಟ್ಟು ನಡೆಸುವ ಪೌರತ್ವ ತರಬೇತಿ ಶಿಬಿರ ಇವೆಲ್ಲವೂ ಸಂಘದ ಹೆಗಲಿನ ಮೇಲೆಯೇ. ಶಿಬಿರದ ದಿನಗಳಲ್ಲಿ ಮುಂಜಾನೆಯ ಪ್ರಭಾತಫೇರಿಯಿಂದ ರಾತ್ರಿಯ ಶಿಬಿರಜ್ಯೋತಿಯ ತನಕ ಒಂದೇ ಒಲೆಯ ಅಡುಗೆಯನ್ನುಂಡು, ಬೇರೆ ಬೇರೆ ಜಾತಿಮತಗಳ ಮನೆಗಳಿಂದ ಬಂದವರು ತಮಗರಿವಿಲ್ಲದಂತೆ ಕಳೆದುಕೊಂಡ ಸಂಕೋಚಗಳ ಲೆಕ್ಕವನ್ನು ಯಾವ ವರದಿಯೂ ಹಿಡಿದಿಟ್ಟಿಲ್ಲ.

ಆದರೆ ಇವೆಲ್ಲಕ್ಕಿಂತ ಮಿಗಿಲಾದದ್ದು ಪಾಠವಿಮರ್ಶೆ. ಬೋಧನಾಭ್ಯಾಸಕ್ಕಾಗಿ ಊರಿನ ಶಾಲೆಗಳಿಗೆ ಹೊರಡುವ ಮುನ್ನ ಪ್ರಶಿಕ್ಷಣಾರ್ಥಿಯು ಪಾಠಯೋಜನೆಯನ್ನು ಬರೆದು, ಕರಿಹಲಗೆಯ ಮುಂದೆ ನಿಂತು, ಸಹಪಾಠಿಗಳನ್ನೇ ನಾಲ್ಕನೆಯ ತರಗತಿಯ ಮಕ್ಕಳೆಂದು ಭಾವಿಸಿ ಪಾಠಮಾಡುತ್ತಾನೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ 1960ರ ದಶಕದ ಆದಿಯಲ್ಲಿ ರೂಪುಗೊಂಡ ಸೂಕ್ಷ್ಮಬೋಧನೆಯ ಕ್ರಮವು ನಮ್ಮಲ್ಲಿಗೂ ಬಂದು, ಪೀಠಿಕೆ ಹಾಕುವುದು, ಪ್ರಶ್ನೆ ಕೇಳುವುದು, ಉದಾಹರಣೆ ಕೊಡುವುದು ಎಂದು ಒಂದೊಂದೇ ಕೌಶಲವನ್ನು ಬಿಡಿಸಿ ಐದಾರು ನಿಮಿಷಗಳಲ್ಲಿ ಅಭ್ಯಾಸಮಾಡಿಸುವ ಪದ್ಧತಿಯು ನೆಲೆಯೂರಿತಷ್ಟೆ. ಅದಕ್ಕೂ ಹಿಂದಿನಿಂದ ನಡೆದುಬಂದ ವಿಮರ್ಶಾಪಾಠದಲ್ಲಿ ಪೂರ್ತಿ ಒಂದು ಅವಧಿಯ ಪಾಠವನ್ನು ಎಲ್ಲರೂ ನೋಡಿ ಬಳಿಕ ಒಬ್ಬೊಬ್ಬರಾಗಿ ಎದ್ದು ಗುಣದೋಷಗಳನ್ನು ಹೇಳುತ್ತಿದ್ದರು. "ಅಕ್ಷರ ದುಂಡಾಗಿತ್ತು, ಆದರೆ ಬೋರ್ಡಿಗೆ ಮುಖ ಮಾಡಿಯೇ ಮಾತಾಡಿದ್ರಿ". "ಪ್ರಶ್ನೆ ಕೇಳಿ ಉತ್ತರ ನೀವೇ ಹೇಳಿಬಿಟ್ರಿ". "ಬಲಗಡೆಯ ಮಕ್ಕಳನ್ನು ಒಮ್ಮೆಯೂ ನೋಡಲಿಲ್ಲ". ಮೇಲ್ವಿಚಾರಕರ ಟಿಪ್ಪಣಿಗೆ ಅಂಕದ ಭಯ ಅಂಟಿಕೊಂಡಿರುತ್ತದೆ. ಗೆಳತಿಯ ಟಿಪ್ಪಣಿಗೆ ಆ ಭಯವಿಲ್ಲ, ಆದುದರಿಂದಲೇ ಅದು ನೆಟ್ಟನೆ ಹೋಗಿ ನಾಟುತ್ತದೆ. ಸಂಜೆ ವಸತಿಗೃಹದ ಜಗಲಿಯಲ್ಲಿ ಅದೇ ಗೆಳತಿಯೊಡನೆ ಕುಳಿತು ಮರುದಿನದ ಪಾಠಕ್ಕೆ ಮಿಂಚುಪಟ್ಟಿಗಳನ್ನು ಕತ್ತರಿಸುವಾಗ ಬೆಳಗಿನ ನೋವು ಮಾಯುತ್ತದೆ. ಸಂಘವೆಂದರೆ ಇದೇ, ಉಳಿದದ್ದು ಶಾಮಿಯಾನ.

ಈ ತಿರುಳು ಎಲ್ಲ ಕಡೆಯೂ ಉಳಿದಿದೆಯೆಂದು ಹೇಳುವ ಧೈರ್ಯ ನನಗಿಲ್ಲ. ಪ್ರವೇಶಶುಲ್ಕದ ರಸೀದಿಯಲ್ಲಿಯೇ ಸಂಘದ ವಂತಿಗೆಯೂ ಸೇರಿಹೋಗಿ, ಸೇರುವೆಯೋ ಎಂದು ಯಾರೂ ಕೇಳದೆ, ಸೇರಿದೆನೆಂದು ಯಾರಿಗೂ ಅನ್ನಿಸದೆ, ಉದ್ಘಾಟನೆಯ ದಿನದ ಛಾಯಾಚಿತ್ರದಲ್ಲಿ ಹುಟ್ಟಿ ಬೀಳ್ಕೊಡುಗೆಯ ದಿನದ ಛಾಯಾಚಿತ್ರದಲ್ಲಿ ಮುಗಿಯುವ ಸಂಘಗಳನ್ನು ಬೇಕಾದಷ್ಟು ನೋಡಿದ್ದೇವೆ. ಕಲಿಸುವವರಿಗೆ ಕೆಲಸ ದೊರೆಯುವ ಭರವಸೆಯಿದ್ದ ಕಾಲದಲ್ಲಿ ಓಣಿಗೊಂದರಂತೆ ಎದ್ದ ಖಾಸಗಿ ಡಿ.ಎಡ್. ಕಾಲೇಜುಗಳು, ನೇಮಕಾತಿ ಇಳಿಮುಖವಾದೊಡನೆ ವಿದ್ಯಾರ್ಥಿಗಳಿಲ್ಲದೆ ಒಂದೊಂದಾಗಿ ಬಾಗಿಲೆಳೆದುಕೊಂಡುವು. ಅವುಗಳೊಡನೆ ಅವುಗಳ ಸಂಘಗಳೂ ದಾಖಲೆಯಿಲ್ಲದೆ ಮರೆಯಾದುವು.

ಇದಕ್ಕೆ ವ್ಯತಿರಿಕ್ತವಾಗಿ, ಸಂಘಜೀವನಕ್ಕೆ ಬೇಕಾದ ಕಾಲಾವಕಾಶವನ್ನು ಪೂರ್ಣವಾಗಿ ಒದಗಿಸಿದ ಸಂಸ್ಥೆಯೆಂದರೆ ಮೈಸೂರಿನ ಮಾನಸಗಂಗೋತ್ರಿಯ ನೆರೆಯಲ್ಲಿರುವ ಪ್ರಾದೇಶಿಕ ಶಿಕ್ಷಣ ಸಂಸ್ಥೆ. 1961ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿಯು ಅಜ್ಮೇರ್, ಭೋಪಾಲ್, ಭುವನೇಶ್ವರ, ಮೈಸೂರುಗಳಲ್ಲಿ ತೆರೆದ ನಾಲ್ಕು ಪ್ರಾದೇಶಿಕ ಕಾಲೇಜುಗಳಲ್ಲಿ ಇದೊಂದಾಗಿ 1963ರಲ್ಲಿ ಆರಂಭವಾಯಿತು. ಪಿ.ಯು.ಸಿ. ಮುಗಿಸಿದವರನ್ನು ನೇರವಾಗಿ ಸೇರಿಸಿಕೊಂಡು ವಿಷಯಜ್ಞಾನವನ್ನೂ ಬೋಧನಶಾಸ್ತ್ರವನ್ನೂ ನಾಲ್ಕು ವರ್ಷಗಳಲ್ಲಿ ಒಟ್ಟಾಗಿ ಕಲಿಸುವ ಸಂಯೋಜಿತ ಪದವಿಯು ಅದರ ಹೆಗ್ಗಳಿಕೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ನಾಲ್ಕು ವರ್ಷಗಳ ಸಂಯೋಜಿತ ಶಿಕ್ಷಣವನ್ನೇ ಮುಂದಿನ ದಾರಿಯೆಂದು ಸಾರಿದಾಗ, ಮೈಸೂರಿನವರಿಗೆ ಅದು ಅರ್ಧ ಶತಮಾನಕ್ಕೂ ಹಳೆಯ ಸುದ್ದಿಯಾಗಿ ಕೇಳಿಸಿದ್ದರೆ ಆಶ್ಚರ್ಯವಿಲ್ಲ. ದಕ್ಷಿಣದ ರಾಜ್ಯಗಳೆಲ್ಲದರಿಂದ, ಲಕ್ಷದ್ವೀಪ ಪುದುಚೇರಿಗಳಿಂದಲೂ ಬಂದವರು ಒಂದೇ ವಸತಿಗೃಹದಲ್ಲಿ ವಾಸಿಸುವ ಅಲ್ಲಿ, ಕನ್ನಡದ ಹುಡುಗನು ತೆಲುಗಿನ ಹುಡುಗನ ಪಾಠವನ್ನು ವಿಮರ್ಶಿಸುತ್ತಾನೆ; ಪಕ್ಕದಲ್ಲಿಯೇ ಇರುವ ಪ್ರಾತ್ಯಕ್ಷಿಕ ಶಾಲೆಯ ಚೂಟಿಯಾದ ಮಕ್ಕಳು ಇಬ್ಬರನ್ನೂ ವಿಮರ್ಶಿಸುತ್ತಾರೆ.

ನಮ್ಮ ಕರಾವಳಿಯ ಕಥೆಯನ್ನು ಹೇಳದಿದ್ದರೆ ಈ ಸಂಚಿಕೆಯ ಓದುಗರಲ್ಲಿ ಅನೇಕರು ಮುನಿದಾರು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು ಶಾಲೆಗಳನ್ನು ತೆರೆದಂದಿನಿಂದ ಅಲ್ಲಿ ಉಪಾಧ್ಯಾಯವೃತ್ತಿಗೆ ಒಂದು ಗಾಂಭೀರ್ಯವು ಒದಗಿದ್ದಿತು. ಶಾಲಾ ಇನ್ಸ್‌ಪೆಕ್ಟರರಾಗಿ ತಿರುಗಿದ ಪಂಜೆ ಮಂಗೇಶರಾಯರು ಮಕ್ಕಳ ಸಾಹಿತ್ಯವನ್ನೇ ಹೊಸದಾಗಿ ಕಟ್ಟಿ, ಕಲಿಸುವವನು ಬರೆಯಲೂ ಬಲ್ಲವನಾಗಿರಬೇಕೆಂಬ ಮೇಲ್ಪಂಕ್ತಿಯನ್ನು ಹಾಕಿಕೊಟ್ಟರು. 1943ರಲ್ಲಿ ಮಂಗಳೂರಿನಲ್ಲಿ ಸಂತ ಆನ್ನರ ಹೆಸರಿನ ಮಹಿಳಾ ಶಿಕ್ಷಣ ಮಹಾವಿದ್ಯಾಲಯವು ಆರಂಭವಾದ ಮೇಲೆ ಕರಾವಳಿಯ ಹೆಣ್ಣುಮಕ್ಕಳಿಗೆ ಪದವೀಧರ ಶಿಕ್ಷಕಿಯರಾಗುವ ದಾರಿ ಮನೆಯ ಬಾಗಿಲಿಗೇ ಬಂದಿತು.

ಕಾಸರಗೋಡಿನದು ಮಾತ್ರ ಬೇರೆಯೇ ಅಧ್ಯಾಯ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದ ಆ ತಾಲೂಕಿನಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಉಳಿಯಬೇಕಾದರೆ ಕನ್ನಡದಲ್ಲಿ ತರಬೇತಿ ಹೊಂದಿದ ಅಧ್ಯಾಪಕರು ಹುಟ್ಟುತ್ತಲೇ ಇರಬೇಕಾಗಿದ್ದಿತು. ಪೆರಡಾಲದ ನವಜೀವನ ಪ್ರೌಢಶಾಲೆಯಲ್ಲಿ ಅಧ್ಯಾಪಕರಾಗಿದ್ದುಕೊಂಡು, ಏಕೀಕರಣದ ಹೋರಾಟದ ಮುಂಚೂಣಿಯಲ್ಲಿ ನಿಂತು, ನೂರು ವರ್ಷಗಳ ತುಂಬುಬಾಳನ್ನು ಬಾಳಿದ ಕಯ್ಯಾರ ಕಿಞ್ಞಣ್ಣ ರೈಯವರಲ್ಲಿ ಕವಿಯನ್ನೂ ಹೋರಾಟಗಾರರನ್ನೂ ಮಾಸ್ತರರನ್ನೂ ಬಿಡಿಸಿ ನೋಡುವುದು ಸಾಧ್ಯವೇ ಇಲ್ಲ. ಇಂದು ಮಾಯಿಪ್ಪಾಡಿಯಲ್ಲಿರುವ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಲ್ಲಿ ಕನ್ನಡ ಮಾಧ್ಯಮದ ಪ್ರಶಿಕ್ಷಣಾರ್ಥಿಗಳೂ ಮಲಯಾಳದವರೂ ಒಂದೇ ಸೂರಿನಡಿ ಕಲಿಯುತ್ತಾರೆ. ಅಂತಹ ಸಂಸ್ಥೆಯಲ್ಲಿ ಸಂಘದ ಸಭೆಯೊಂದು ಯಾವ ಭಾಷೆಯಲ್ಲಿ ನಡೆಯಬೇಕೆಂಬ ಪ್ರಶ್ನೆಯು, ಬೇರೆಡೆ ಏಳುವುದೇ ಇಲ್ಲದ ಪ್ರಶ್ನೆಯು, ವಾದವಿಲ್ಲದೆ ಎರಡೂ ಭಾಷೆಗಳಲ್ಲಿ ನಿರೂಪಣೆ ಮಾಡುವುದರಿಂದ ಪರಿಹಾರವಾಗುತ್ತದೆ. ಮನೆಯಲ್ಲಿ ತುಳು ಅಥವಾ ಬ್ಯಾರಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಎಂದು ಬೆಳೆದವರಿಗೆ ಇದೇನು ದೊಡ್ಡ ಸಾಹಸವಲ್ಲ. ಆದರೆ ಚನ್ನಬಸಪ್ಪನವರ ಕಾಲದ ಧಾರವಾಡದಲ್ಲಿ ಉಪಾಧ್ಯಾಯನಾಗುವುದೆಂದರೆ ಯಾವ ಹೊಣೆಯನ್ನು ಹೊರುವುದಾಗಿದ್ದಿತೋ, ಅದರ ಭಾರವು ಇಂದಿಗೂ ಇಳಿಯದೆ ಉಳಿದಿರುವುದು ಈ ಗಡಿನಾಡಿನಲ್ಲಿಯೇ.

ಗಲ್ಫಿನ ಕಾಸರಗೋಡು ಮಂಗಳೂರುಗಳವರಿಗೆ ಈ ಹಿನ್ನೆಲೆಯು ಮೈಗೂಡಿ ಬಂದುದಾದುದರಿಂದಲೋ ಏನೋ, ಇಲ್ಲಿ ಕನ್ನಡವನ್ನು ಕಲಿಸುವ ಮಾತು ಬಂದಾಗ ಮುಂದೆ ಬರುವವರಿಗೆ ಕೊರತೆಯಾಗಿಲ್ಲ. ದುಬೈಯಲ್ಲಿ ಕನ್ನಡ ಮಿತ್ರರು ಎಂಬ ಬಳಗವು 2014ರಲ್ಲಿ ಆರಂಭಿಸಿದ ಕನ್ನಡ ಪಾಠಶಾಲೆಯು ಶುಲ್ಕವಿಲ್ಲದೆ, ವಾರದ ರಜೆಯ ದಿನ, ಸ್ವಯಂಸೇವೆಯ ಶಿಕ್ಷಕಿಯರಿಂದ ನಡೆದುಬಂದಿದೆ. ಅಲ್ಲಿ ಕಲಿಸುವ ತಾಯಂದಿರಲ್ಲಿ ಬಿ.ಎಡ್. ಆದವರಿರಬಹುದು, ಗಣಕಯಂತ್ರದ ಎಂಜಿನಿಯರುಗಳೂ ಲೆಕ್ಕಪರಿಶೋಧಕರೂ ಇರಬಹುದು. ಮರಳುಗಾಡಿನ ಈ ಒಳಭಾಗಕ್ಕೆ ದುಬೈ ಇನ್ನೂರು ಕಿಲೋಮೀಟರಿಗೂ ಮಿಕ್ಕ ದೂರ. ಮದೀನತ್ ಜಾಯೆದ್‌ನ ಮಗುವಿಗೆ ಕನ್ನಡದ ತರಗತಿಯೆಂದರೆ ಅಮ್ಮನ ಊಟದ ಮೇಜು, ಇಲ್ಲವೆ ಅಂತರಜಾಲದ ಪರದೆ. ಇಲ್ಲಿನ ವಾರಾಂತ್ಯವು 2006ರಲ್ಲಿ ಗುರುವಾರ ಶುಕ್ರವಾರಗಳಿಂದ ಶುಕ್ರವಾರ ಶನಿವಾರಗಳಿಗೂ, 2022ರಲ್ಲಿ ಶನಿವಾರ ಭಾನುವಾರಗಳಿಗೂ ಸರಿದುದರಿಂದ ಊರಿನ ರಜೆಗೂ ಇಲ್ಲಿನ ರಜೆಗೂ ಹೊಂದಿಕೆಯಾಗಿ, ನಿವೃತ್ತಳಾದ ಅಜ್ಜಿಯೊಬ್ಬಳು ಪುತ್ತೂರಿನಿಂದಲೇ ಮೊಮ್ಮಗಳಿಗೆ ಕಾಗುಣಿತವನ್ನು ಹೇಳಿಕೊಡುವ ಅನುಕೂಲವೂ ಒದಗಿದೆ.

ಈ ಸ್ವಯಂಸೇವಕಿಯರಿಗೆ ಕೊರತೆಯಾಗಿರುವುದು ಉತ್ಸಾಹವೂ ಅಲ್ಲ, ಪುಸ್ತಕವೂ ಅಲ್ಲ. ಪಾಠ ಮುಗಿದ ಮೇಲೆ ಎದ್ದುನಿಂತು, "ಅಕ್ಕ, ಒತ್ತಕ್ಷರವನ್ನು ಇಷ್ಟು ಬೇಗ ತರಬಾರದಿತ್ತು" ಎಂದು ಹೇಳುವ ಒಬ್ಬ ಸಹಪಾಠಿ. ತಂದೆತಾಯಿಗಳು ಕೃತಜ್ಞತೆಯಿಂದ ಕೈಮುಗಿಯುತ್ತಾರೆ, ಸಮಾರಂಭಗಳಲ್ಲಿ ಶಾಲು ಹೊದಿಸುತ್ತಾರೆ, ತಪ್ಪನ್ನು ತೋರಿಸುವವರಿಲ್ಲ. ಈ ದೇಶದಲ್ಲಿ ಸಂಘವೊಂದನ್ನು ಕಟ್ಟಬೇಕಾದರೆ ಸರಕಾರದ ಅನುಮತಿಯು ಅವಶ್ಯಕವಾದುದರಿಂದ, ಹೊಸದಾಗಿ ಶಿಕ್ಷಕಿಯರ ಸಂಘವೆಂದು ಹೆಸರಿಟ್ಟು ಹೊರಡುವುದು ಸುಲಭವೂ ಅಲ್ಲ, ಬೇಕಾಗಿಯೂ ಇಲ್ಲ. ಅನುಮತಿ ಪಡೆದು ನಡೆಯುತ್ತಿರುವ ಸಂಸ್ಥೆಗಳ ಆಶ್ರಯದಲ್ಲಿಯೇ, ವರ್ಷಕ್ಕೆ ನಾಲ್ಕಾರು ಬಾರಿ, ಮಕ್ಕಳನ್ನು ಹೊರಗೆ ಆಡಲು ಬಿಟ್ಟು, ಕಲಿಸುವವರೇ ಒಬ್ಬರೆದುರು ಒಬ್ಬರು ಪಾಠಮಾಡಿ ವಿಮರ್ಶೆಯನ್ನು ಕೇಳಿಕೊಳ್ಳುವ ಏರ್ಪಾಡಾದರೆ, ಟಿ.ಸಿ.ಎಚ್. ಕಲಿತವರು ಆ ವಿಮರ್ಶೆಯ ರೀತಿಯನ್ನು ಉಳಿದವರಿಗೆ ತೋರಿಸಿಕೊಡಬಲ್ಲರು. ಎಂಜಿನಿಯರಾದ ತಾಯಿಗೆ ಅದು ಮೊದಲ ದಿನ ಕಹಿಯಾಗಬಹುದು.

ಇಲ್ಲಿ ಹುಟ್ಟಿ ಬೆಳೆದ ಮಕ್ಕಳಲ್ಲಿ ಯಾರಾದರೂ ಶಿಕ್ಷಕವೃತ್ತಿಯನ್ನೇ ಹಿಡಿಯಬೇಕೆಂದು ಹೊರಟರೆ, ಹನ್ನೆರಡನೆಯ ತರಗತಿಯ ಬಳಿಕ ಮೈಸೂರಿನ ಸಂಸ್ಥೆಯ ಪ್ರವೇಶಪರೀಕ್ಷೆಯನ್ನು ಬರೆಯುವ ದಾರಿಯುಂಟು. ವೈದ್ಯ ಎಂಜಿನಿಯರಿಂಗ್‌ಗಳನ್ನು ಬಿಟ್ಟು ಮೂರನೆಯದನ್ನು ಯೋಚಿಸದ ನಮ್ಮ ಮನೆಗಳಲ್ಲಿ ಅಂತಹ ಹುಡುಗಿಯೊಬ್ಬಳು ಎದುರಿಸಬೇಕಾದ ಮೊದಲ ವಿಮರ್ಶೆಯು ಸಂಘದಲ್ಲಿ ಅಲ್ಲ, ಊಟದ ಹೊತ್ತಿನಲ್ಲಿ ತಂದೆಯಿಂದಲೇ ಬರುತ್ತದೆಂಬುದು ಬೇರೆ ಮಾತು.

ಕೊನೆಗೊಂದು ವಿಜ್ಞಾಪನೆ. ಮೇಲೆ ಹೇಳಿದಂತೆ ಪ್ರಶಿಕ್ಷಣಾರ್ಥಿಗಳ ಸಂಘಗಳು ತಮ್ಮ ಸದಸ್ಯರೊಡನೆಯೇ ಚದುರಿಹೋಗುವುದರಿಂದ ಅವುಗಳ ವರದಿಪುಸ್ತಕಗಳು ಸಂಸ್ಥೆಗಳ ಕಪಾಟುಗಳಲ್ಲಿ ಉಳಿಯದೆ, ಕಾರ್ಯದರ್ಶಿಯಾಗಿದ್ದವರ ಊರಮನೆಗಳ ಅಟ್ಟಗಳಲ್ಲಿ ಉಳಿದಿರುತ್ತವೆ. ಓದುಗರಲ್ಲಿ ಯಾರ ಬಳಿಯಲ್ಲಾದರೂ 1970ರ, 80ರ ದಶಕಗಳ ಕೈಬರಹದ ಪತ್ರಿಕೆಗಳಾಗಲಿ, ಪೌರತ್ವ ಶಿಬಿರದ ದಿನಚರಿಗಳಾಗಲಿ, ಪಾಠವಿಮರ್ಶೆಯ ಟಿಪ್ಪಣಿಗಳಾಗಲಿ ಇದ್ದಲ್ಲಿ, ಮುಂದಿನ ರಜೆಗೆ ಊರಿಗೆ ಹೋದಾಗ ಅವುಗಳನ್ನು ಹುಡುಕಿ ತೆಗೆದು, ಒಂದು ಪ್ರತಿಯನ್ನು ತಮ್ಮಲ್ಲಿಟ್ಟುಕೊಂಡು, ಮೂಲವನ್ನು ತಾವು ಕಲಿತ ಸಂಸ್ಥೆಯ ಗ್ರಂಥಾಲಯಕ್ಕೆ ರಸೀದಿ ಪಡೆದು ಒಪ್ಪಿಸಬೇಕೆಂದು ಪ್ರಾರ್ಥಿಸುತ್ತೇನೆ. ಗೆದ್ದಲು ಹಿಡಿದ ಹಾಳೆಗಳಾದರೂ ಅಡ್ಡಿಯಿಲ್ಲ.